ಹಣ್ಣು ರೋಗಿಗಳಿಗೆ ಮಾತ್ರವೇ?



ಕಳೆದ ಜುಲೈ ತಿಂಗಳಲ್ಲಿ ನಮ್ಮ ಕಾಲೇಜಿನಲ್ಲಿ ಆರೋಗ್ಯ ತಪಾಸಣಾ ಶಿಬಿರ ನಡೆದದ್ದು ನಿಮಗೆಲ್ಲ ನೆನಪಿರಬಹುದು. ಎತ್ತರ, ತೂಕ ನೋಡಿದ ಮೇಲೆ ಬೆರಳಿಗೆ ಸೂಜಿ ಚುಚ್ಚಿ ಒಂದು ಹನಿ ರಕ್ತ ತೆಗೆದುಕೊಂಡರು. ನನ್ನ ಚೀಟಿಯ ಮೇಲೆ 9.6 ಎಂದು ಬರೆದು ನರ್ಸ್ ಅಕ್ಕ ನನ್ನನ್ನು ಪಕ್ಕಕ್ಕೆ ಕೂರಿಸಿದರು.

"ಊಟಾ ಸರಿಯಾಗಿ ಮಾಡ್ತಿಯೇನವಾ? ಹಣ್ಣು-ಪಣ್ಣು ತಿಂತಿಯೋ ಇಲ್ಲೋ?" ಎಂದು ಕೇಳಿದರು. ನಾನು ಸುಮ್ಮನಿದ್ದೆ. "ನಿಮ್ಮಪ್ಪ ಏನ್ ಮಾಡ್ತಾರ?" ಎಂದರು. "ಹಣ್ಣಿನ ಗಾಡಿ ಅದರಿ" ಎಂದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿ, "ಹಣ್ಣಿನ ಗಾಡಿ ಮನಿ ಹುಡುಗಿಗೆ ರಕ್ತ ಇಲ್ಲಂದ್ರ ಹೆಂಗವಾ?" ಎಂದರು. ಸಾಲಿನಲ್ಲಿದ್ದ ಗೆಳತಿಯರು ನಕ್ಕರು. ನಾನೂ ನಕ್ಕೆ. ಆದರೆ ಮನೆಗೆ ಹೋಗುವವರೆಗೂ ಆ ಮಾತು ತಲೆಯಲ್ಲೇ ಇತ್ತು.

ನಾವು ವಿಜಯಪುರದ ಬಾಗವಾನರು. ಪಾರ್ಸಿ ಭಾಷೆಯಲ್ಲಿ 'ಬಾಗ್' ಎಂದರೆ ತೋಟ, 'ಬಾಗಬಾನ್' ಎಂದರೆ ತೋಟ ನೋಡಿಕೊಳ್ಳುವವನು. ಹಣ್ಣು, ತರಕಾರಿ ಮಾರುವುದು ನಮ್ಮ ಮನೆತನದ ಕಸುಬು. ನನ್ನ ಅಬ್ಬಾ ಒಂದು ಆಸ್ಪತ್ರೆಯ ಎದುರು ಗಾಡಿ ಹಚ್ಚುತ್ತಾರೆ. ನನಗೆ ಬುದ್ಧಿ ಬಂದಾಗಿನಿಂದ ಮನೆಯಲ್ಲಿ ಹಣ್ಣಿನ ಬುಟ್ಟಿ ಇಲ್ಲದ ದಿನವಿಲ್ಲ. ಆದರೂ ನನಗೆ ರಕ್ತಹೀನತೆ ಹೇಗೆ ಬಂತು? ಇದಕ್ಕೆ ಉತ್ತರ ಹುಡುಕುತ್ತಾ ನಾನು ತಿಳಿದುಕೊಂಡದ್ದನ್ನು, ನಮ್ಮ ಮನೆಯಲ್ಲಿ ಮತ್ತು ತರಗತಿಯಲ್ಲಿ ಮಾಡಿ ನೋಡಿದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

9.6 ಎಂದರೆ ಏನು?

ಹಿಮೋಗ್ಲೋಬಿನ್ ಬಗ್ಗೆ ನಾವು ಜೀವಶಾಸ್ತ್ರದಲ್ಲಿ ಓದಿದ್ದೇವೆ. ಕೆಂಪು ರಕ್ತಕಣದೊಳಗಿನ ಈ ಪ್ರೋಟೀನಿನ ಒಂದು ಅಣುವಿನಲ್ಲಿ ಕಬ್ಬಿಣದ 4 ಪರಮಾಣುಗಳಿರುತ್ತವೆ. ಶ್ವಾಸಕೋಶದಲ್ಲಿ ಆಮ್ಲಜನಕ ಅಂಟಿಕೊಳ್ಳುವುದು ಇವುಗಳಿಗೇ. ಕಬ್ಬಿಣ ಕಡಿಮೆಯಾದರೆ ಹಿಮೋಗ್ಲೋಬಿನ್ ಕಡಿಮೆ, ಹಿಮೋಗ್ಲೋಬಿನ್ ಕಡಿಮೆಯಾದರೆ ಮೆದುಳಿಗೂ ಸ್ನಾಯುಗಳಿಗೂ ತಲುಪುವ ಆಮ್ಲಜನಕ ಕಡಿಮೆ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 15 ವರ್ಷ ದಾಟಿದ ಹುಡುಗಿಯರ ರಕ್ತದಲ್ಲಿ ಒಂದು ಡೆಸಿಲೀಟರಿಗೆ ಕನಿಷ್ಠ 12 ಗ್ರಾಂ, ಹುಡುಗರಲ್ಲಿ 13 ಗ್ರಾಂ ಹಿಮೋಗ್ಲೋಬಿನ್ ಇರಬೇಕು. ಹುಡುಗಿಯರಲ್ಲಿ 11ಕ್ಕಿಂತ ಕೆಳಗೆ ಇಳಿದು 8ರವರೆಗೆ ಇದ್ದರೆ ಮಧ್ಯಮ ಪ್ರಮಾಣದ ರಕ್ತಹೀನತೆ, 8ಕ್ಕಿಂತಲೂ ಕೆಳಗಿಳಿದರೆ ತೀವ್ರ. ನಾನು ಮಧ್ಯಮದವಳು.

ಆಗ ನನಗೆ ಹಲವು ವಿಷಯಗಳು ಅರ್ಥವಾದವು. ಮೂರನೇ ಮಹಡಿಯ ಪ್ರಯೋಗಾಲಯಕ್ಕೆ ಹತ್ತಿದರೆ ಏದುಸಿರು ಬರುತ್ತಿತ್ತು. ಮಧ್ಯಾಹ್ನದ ಭೌತಶಾಸ್ತ್ರ ತರಗತಿಯಲ್ಲಿ ಕಣ್ಣು ಎಳೆಯುತ್ತಿತ್ತು. ಓದಿದ್ದು ತಲೆಗೆ ಹತ್ತುತ್ತಿರಲಿಲ್ಲ. ನಾನು ಇದನ್ನೆಲ್ಲ ನನ್ನ ಸೋಮಾರಿತನ ಎಂದುಕೊಂಡಿದ್ದೆ. ಅಮ್ಮಿಯೂ ಹಾಗೇ ಬೈಯುತ್ತಿದ್ದರು.

ಇದು ನನ್ನೊಬ್ಬಳ ಕಥೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ. 59.1ರಷ್ಟು ಮಂದಿಗೆ ರಕ್ತಹೀನತೆ ಇದೆ. ಅದೇ ವಯಸ್ಸಿನ ಹುಡುಗರಲ್ಲಿ ಶೇ. 31.1. ಅಂದರೆ ತರಗತಿಯಲ್ಲಿ ನಮ್ಮ ಬೆಂಚಿನಲ್ಲಿ ಕುಳಿತ ಮೂವರು ಹುಡುಗಿಯರಲ್ಲಿ ಇಬ್ಬರಿಗೆ ಹತ್ತಿರ ಹತ್ತಿರ. ಹುಡುಗರು "ಇದು ಹುಡುಗಿಯರ ಸಮಸ್ಯೆ" ಎಂದುಕೊಂಡರೆ ಅದೂ ತಪ್ಪು.

ಗಿರಾಕಿಗೆ ಒಳ್ಳೆಯದು, ಮನೆಗೆ ಉಳಿದದ್ದು

ಮನೆಯಲ್ಲಿ ಚೀಟಿ ತೋರಿಸಿದಾಗ ದಾದಿ ಮೊದಲು ಹೇಳಿದ್ದು, "ಇವಳಿಗೆ ಅನಾರ್ ಕೊಡಿ, ಬೀಟ್‌ರೂಟ್ ಕೊಡಿ, ರಕ್ತ ಬರುತ್ತದೆ" ಎಂದು. ಅಬ್ಬಾ ಏನೂ ಮಾತಾಡಲಿಲ್ಲ. ಅವರಿಗೆ ಬೇಸರವಾಗಿತ್ತು.

ನಮ್ಮ ಮನೆಯ ನಿಯಮ ನಾನು ಹುಟ್ಟುವ ಮೊದಲಿನಿಂದಲೂ ಒಂದೇ. ಒಳ್ಳೆಯ ಹಣ್ಣು ಗಾಡಿಗೆ, ಉಳಿದದ್ದು ಮನೆಗೆ. ಉಳಿದದ್ದು ಎಂದರೆ ಕಪ್ಪಾದ ಬಾಳೆಹಣ್ಣು, ಒಂದು ಕಡೆ ಕೊಳೆತ ಪಪ್ಪಾಯಿ. ಅದನ್ನು ನೋಡಿದರೆ ಯಾರಿಗೆ ತಿನ್ನಬೇಕೆನಿಸುತ್ತದೆ? ವ್ಯಾಪಾರ ಚೆನ್ನಾಗಿ ಆದ ದಿನ ಮನೆಗೆ ಏನೂ ಬರುತ್ತಿರಲಿಲ್ಲ. ಬಾರದ ದಿನವೇ ಮನೆಗೆ ಒಳ್ಳೆಯ ದಿನ ಎಂದು ನಾವು ತಿಳಿದಿದ್ದೆವು.

ಗಾಡಿಯ ಬಳಿ ನಿಂತಾಗಲೆಲ್ಲ ನಾನು ಗಮನಿಸಿದ್ದು ಇನ್ನೊಂದು. ಬರುವ ಗಿರಾಕಿಗಳಲ್ಲಿ ಹೆಚ್ಚಿನವರು ರೋಗಿಯನ್ನು ನೋಡಲು ಬಂದವರು. ಸೇಬು, ದಾಳಿಂಬೆ, ಮೋಸಂಬಿ ಎಂದು ತೂಗಿಸಿಕೊಂಡು ಒಳಗೆ ಹೋಗುತ್ತಾರೆ. ಹೊರಗೆ ಬರುವಾಗ ತಮಗಾಗಿ ಒಂದು ಬಾಳೆಹಣ್ಣನ್ನೂ ಕೊಳ್ಳುವುದಿಲ್ಲ. ಪಕ್ಕದ ಅಂಗಡಿಯಲ್ಲಿ ಚಹಾ ಕುಡಿದು, ಒಂದು ಪ್ಲೇಟ್ ಮಿರ್ಚಿ ಭಜಿ ತಿಂದು ಬಸ್ ಹತ್ತುತ್ತಾರೆ. ಹಣ್ಣು ಎಂದರೆ ರೋಗಿಗಳ ಆಹಾರ ಎಂದು ನಾವೆಲ್ಲ ಒಪ್ಪಿಕೊಂಡುಬಿಟ್ಟಂತೆ ಇದೆ.

ತಕ್ಕಡಿ ಹೇಳಿದ ಸತ್ಯ

ಹೈದರಾಬಾದಿನಲ್ಲಿರುವ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಭಾರತೀಯರಿಗಾಗಿ ಆಹಾರದ ಮಾರ್ಗಸೂಚಿ ಹೊರತಂದಿದೆ. ದಿನಕ್ಕೆ 2000 ಕ್ಯಾಲೊರಿ ಬೇಕಾಗುವವರಿಗೆ ಸೊಪ್ಪೂ ಸೇರಿ ಸುಮಾರು 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು ಬೇಕು ಎಂದು ಅದರಲ್ಲಿದೆ. ವಿಶ್ವ ಆರೋಗ್ಯ ಸಂಸ್ಥೆ ಎರಡೂ ಸೇರಿ ಕನಿಷ್ಠ 400 ಗ್ರಾಂ ಎನ್ನುತ್ತದೆ. ಅದರಲ್ಲಿ ಆಲೂಗಡ್ಡೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಏಕೆಂದರೆ ಅದರಲ್ಲಿ ಹೆಚ್ಚಾಗಿ ಇರುವುದು ಅನ್ನದಲ್ಲಿರುವಂಥದೇ ಪಿಷ್ಟ.

ಮನೆಯಲ್ಲಿ ತಕ್ಕಡಿ ಇದ್ದೇ ಇದೆ. ಒಂದು ದಿನ ನಾನು ತಿಂದದ್ದನ್ನೆಲ್ಲ ತೂಗಿ ನೋಡಿದೆ. ಬೆಳಿಗ್ಗೆ ಚಹಾ, ಖಾರಿ ಬಿಸ್ಕೀಟು: ತರಕಾರಿ ಸೊನ್ನೆ. ಮಧ್ಯಾಹ್ನದ ಡಬ್ಬಿಯಲ್ಲಿ ಚಪಾತಿ ಮತ್ತು ಆಲೂಗಡ್ಡೆ ಪಲ್ಯ: ಲೆಕ್ಕಕ್ಕೆ ಸಿಕ್ಕದ್ದು ಅದರೊಳಗಿನ ಉಳ್ಳಾಗಡ್ಡಿ ಮಾತ್ರ. ಸಂಜೆ ಕ್ಯಾಂಟೀನಿನ ಸಮೋಸ: ಅದರೊಳಗೂ ಆಲೂಗಡ್ಡೆ. ರಾತ್ರಿ ಅನ್ನ, ಬೇಳೆ, ನಾಲ್ಕು ಹೋಳು ಬದನೆಕಾಯಿ. ಎಲ್ಲ ಕೂಡಿಸಿದರೆ 110 ಗ್ರಾಂ ದಾಟಲಿಲ್ಲ. ಬೇಕಾದದ್ದು 500. ನಾನು "ನಮ್ಮ ಮನೆಯಲ್ಲಿ ದಿನಾ ಪಲ್ಯ ಮಾಡುತ್ತಾರೆ" ಎಂದೇ ಎಲ್ಲರಿಗೂ ಹೇಳುತ್ತಿದ್ದೆ!

ನೀವೂ ಒಂದು ದಿನ ಹೀಗೆ ತೂಗಿ ನೋಡಿ. ತಕ್ಕಡಿ ಇಲ್ಲದಿದ್ದರೆ ಒಂದು ಮಧ್ಯಮ ಗಾತ್ರದ ಪೇರಲ ಹಣ್ಣನ್ನು ಸುಮಾರು 100 ಗ್ರಾಂ ಎಂದು ತಿಳಿಯಿರಿ. ಆ ಗಾತ್ರದ ಐದು ಹಣ್ಣಿನಷ್ಟು ಹಣ್ಣು-ತರಕಾರಿ ದಿನಕ್ಕೆ ಬೇಕು.

ಕೆಂಪಾದದ್ದೆಲ್ಲ ರಕ್ತವಲ್ಲ

ನಮ್ಮ ಜೀವಶಾಸ್ತ್ರದ ಮೇಡಂ ಬಳಿ ದಾದಿಯ ಅನಾರ್ ಮಾತು ಹೇಳಿದೆ. ಅವರು ನಕ್ಕು, ಬಣ್ಣ ನೋಡಿ ಮೋಸ ಹೋಗಬೇಡ ಎಂದರು. ಬೀಟ್‌ರೂಟಿನ ಕೆಂಪು ಬಣ್ಣ ಬಂದಿರುವುದು ಬೆಟಾನಿನ್ ಎಂಬ ವರ್ಣದ್ರವ್ಯದಿಂದ, ದಾಳಿಂಬೆಯ ಕೆಂಪು ಆಂಥೋಸಯಾನಿನ್‌ನಿಂದ. ಎರಡಕ್ಕೂ ರಕ್ತದ ಕಬ್ಬಿಣಕ್ಕೂ ಸಂಬಂಧವಿಲ್ಲ. ಅವು ಒಳ್ಳೆಯ ಆಹಾರವೇ. ಆದರೆ ದಾಳಿಂಬೆಯಲ್ಲಿ ಕಬ್ಬಿಣ ತೀರಾ ಕಡಿಮೆ. ದುಬಾರಿ ದಾಳಿಂಬೆ ತಿಂದು ರಕ್ತ ಬಂತೆಂದು ಸಮಾಧಾನ ಪಡುವುದಕ್ಕಿಂತ ಹಸಿರು ಸೊಪ್ಪು ತಿನ್ನುವುದು ಲೇಸು.

ಹಾಗಾದರೆ ಸೊಪ್ಪು ತಿಂದರೆ ಸಾಕೇ? ಅಲ್ಲೂ ಒಂದು ತೊಡಕಿದೆ. ಮಾಂಸದಲ್ಲಿರುವ ಹೀಮ್ ಕಬ್ಬಿಣ ನಮ್ಮ ಕರುಳಿಗೆ ಸುಲಭವಾಗಿ ಸೇರುತ್ತದೆ. ಸೊಪ್ಪು, ಕಾಳು, ರೊಟ್ಟಿಯಲ್ಲಿರುವ ಕಬ್ಬಿಣ ಹೆಚ್ಚಾಗಿ ಫೆರಿಕ್ ರೂಪದಲ್ಲಿದ್ದು ಅಷ್ಟು ಸುಲಭವಾಗಿ ಸೇರುವುದಿಲ್ಲ. ರಸಾಯನಶಾಸ್ತ್ರದಲ್ಲಿ ಫೆರಿಕ್, ಫೆರಸ್ ಎಂದು ನಾವು ಬಾಯಿಪಾಠ ಮಾಡಿದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ. ಸಿ ಜೀವಸತ್ವ ಫೆರಿಕ್ ಕಬ್ಬಿಣವನ್ನು ಫೆರಸ್ ಆಗಿ ಅಪಕರ್ಷಿಸುತ್ತದೆ, ಆಗ ಕರುಳು ಅದನ್ನು ಹೀರಿಕೊಳ್ಳುತ್ತದೆ. ಆದ್ದರಿಂದ ಸೊಪ್ಪಿನ ಪಲ್ಯದ ಮೇಲೆ ನಿಂಬೆಹಣ್ಣು ಹಿಂಡುವುದು ಬರೀ ರುಚಿಗಲ್ಲ. ನಿಂಬೆಗೆ ನಾವು ದೂರ ಹೋಗಬೇಕಾಗಿಯೂ ಇಲ್ಲ. ನಮ್ಮದೇ ಜಿಲ್ಲೆಯ ಇಂಡಿ ನಿಂಬೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ.

ಸಿ ಜೀವಸತ್ವದಲ್ಲಿ ನಿಂಬೆಗಿಂತಲೂ ಮುಂದಿರುವುದು ಪೇರಲ. 100 ಗ್ರಾಂ ಪೇರಲದಲ್ಲಿ ಸುಮಾರು 200 ಮಿಲಿಗ್ರಾಂ ಸಿ ಜೀವಸತ್ವ ಇದೆ. ಅಷ್ಟೇ ತೂಕದ ಸೇಬಿನಲ್ಲಿ ಇರುವುದು ಸುಮಾರು 5 ಮಿಲಿಗ್ರಾಂ. ಆಸ್ಪತ್ರೆಯ ಒಳಗೆ ಹೋಗುವ ಚೀಲಗಳಲ್ಲಿ ಇರುವುದು ಮಾತ್ರ ಸೇಬು. ಪೇರಲವನ್ನು ಯಾರೂ ರೋಗಿಗೆ ಒಯ್ಯುವುದಿಲ್ಲ, ಅದು ಅಗ್ಗ ಎಂಬ ಕಾರಣಕ್ಕೆ! ನೆಲ್ಲಿಕಾಯಿ, ಬಾರೆ ಹಣ್ಣು, ಪಪ್ಪಾಯಿ, ಹಸಿಮೆಣಸಿನಕಾಯಿಗಳಲ್ಲೂ ಸಿ ಜೀವಸತ್ವ ಚೆನ್ನಾಗಿದೆ. ಹಂಗೇರಿಯ ವಿಜ್ಞಾನಿ ಆಲ್ಬರ್ಟ್ ಸೆಂಟ್ ಗ್ಯೋರ್ಗಿ ಸಿ ಜೀವಸತ್ವವನ್ನು ದೊಡ್ಡ ಪ್ರಮಾಣದಲ್ಲಿ ಬೇರ್ಪಡಿಸಿದ್ದು ತಮ್ಮ ಊರ ಕಡೆ ಬೆಳೆಯುವ ಮೆಣಸಿನಕಾಯಿಯಿಂದಲೇ. ಅವರಿಗೆ 1937ರಲ್ಲಿ ನೊಬೆಲ್ ಬಹುಮಾನ ಬಂತು.

ಇನ್ನು ನನ್ನ ದೊಡ್ಡ ತಪ್ಪು ಚಹಾ. ಊಟ ಮುಗಿದ ಕೂಡಲೇ ನನಗೆ ಚಹಾ ಬೇಕಿತ್ತು. ಚಹಾದಲ್ಲಿರುವ ಟ್ಯಾನಿನ್ ಕಬ್ಬಿಣವನ್ನು ಕಟ್ಟಿಹಾಕುತ್ತದೆ. ಕಟ್ಟಿಹಾಕಿದ ಕಬ್ಬಿಣ ಕರುಳಿಗೆ ಸೇರದೆ ಹೊರಗೆ ಹೋಗುತ್ತದೆ. ಊಟಕ್ಕೆ ಮೊದಲು ಮತ್ತು ನಂತರ ಕನಿಷ್ಠ ಒಂದು ಗಂಟೆ ಚಹಾ, ಕಾಫಿ ಬೇಡ ಎಂದು ಆ 2024ರ ಮಾರ್ಗಸೂಚಿಯಲ್ಲೇ ಇದೆ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಇಳಿದುಹೋದ ಹಿಮೋಗ್ಲೋಬಿನ್ ಅನ್ನು ಬರೀ ಸೊಪ್ಪು, ಹಣ್ಣಿನಿಂದ ಬೇಗ ಏರಿಸಲಾಗುವುದಿಲ್ಲ. 16ರಿಂದ 18 ವರ್ಷದ ಹುಡುಗಿಗೆ ದಿನಕ್ಕೆ 32 ಮಿಲಿಗ್ರಾಂ ಕಬ್ಬಿಣ ಬೇಕೆಂದು ನಮ್ಮ ದೇಶದ ಲೆಕ್ಕ. ಮುಟ್ಟಿನ ದಿನಗಳಲ್ಲಿ ಕಬ್ಬಿಣ ಕಳೆದುಹೋಗುತ್ತದೆ. ಹೊಟ್ಟೆಯ ಜಂತುಹುಳುವಿನಿಂದ, ಬಿ12 ಜೀವಸತ್ವದ ಕೊರತೆಯಿಂದಲೂ ರಕ್ತಹೀನತೆ ಬರುತ್ತದೆ. ಆದ್ದರಿಂದ ವೈದ್ಯರಿಗೆ ತೋರಿಸಲೇಬೇಕು. ನನಗೆ ವೈದ್ಯರು ಜಂತುಹುಳುವಿನ ಮಾತ್ರೆಯನ್ನೂ ಮೂರು ತಿಂಗಳು ಕಬ್ಬಿಣದ ಮಾತ್ರೆಯನ್ನೂ ಕೊಟ್ಟರು. "ಮಾತ್ರೆಯಿಂದ ಏರುತ್ತದೆ, ಆದರೆ ಏರಿದ್ದು ನಿಲ್ಲಬೇಕಾದರೆ ತಟ್ಟೆ ಬದಲಾಗಬೇಕು" ಎಂದರು.

ಮುಂಬಯಿಯ ತಾಯಂದಿರು

ಸೊಪ್ಪಿಗೂ ರಕ್ತಕ್ಕೂ ಇರುವ ಇನ್ನೊಂದು ನಂಟಿನ ಕಥೆ ನಮ್ಮ ದೇಶದಲ್ಲೇ ನಡೆದದ್ದು. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲೆಂಡಿನ ವೈದ್ಯೆ ಮುಂಬಯಿಗೆ ಬಂದರು. ಅಲ್ಲಿ ಗರ್ಭಿಣಿಯರಿಗೆ ವಿಚಿತ್ರವಾದ ರಕ್ತಹೀನತೆ ಬರುತ್ತಿತ್ತು. ರಕ್ತಕಣಗಳು ಸಂಖ್ಯೆಯಲ್ಲಿ ಕಡಿಮೆ, ಗಾತ್ರದಲ್ಲಿ ದೊಡ್ಡವು. ಯಾವ ಮನೆಯವರು ಏನು ತಿನ್ನುತ್ತಾರೆ ಎಂದು ಅವರು ಹೋಲಿಸಿ ನೋಡಿದರು. ಹೆಚ್ಚು ತೊಂದರೆ ಇದ್ದದ್ದು ಬಡ ಮುಸ್ಲಿಂ ಮಹಿಳೆಯರಲ್ಲಿ, ಅವರ ಆಹಾರವೇ ಎಲ್ಲರಿಗಿಂತ ಕೊರತೆಯದಾಗಿತ್ತು. ಯೀಸ್ಟಿನ ಸಾರ ಕೊಟ್ಟಾಗ ಅವರು ಗುಣವಾದರು. ಯೀಸ್ಟಿನಲ್ಲಿದ್ದ ಆ ಗುಣಕಾರಿ ವಸ್ತು ಫೋಲಿಕ್ ಆಮ್ಲ ಎಂದು ಆಮೇಲೆ ತಿಳಿಯಿತು. 1941ರಲ್ಲಿ ಅದನ್ನು ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿದಾಗ, ಲ್ಯಾಟಿನ್ ಭಾಷೆಯಲ್ಲಿ ಎಲೆ ಎಂಬ ಅರ್ಥದ 'ಫೋಲಿಯಂ' ಪದದಿಂದ ಆ ಹೆಸರಿಟ್ಟರು.

ಇದನ್ನು ಓದಿದಾಗ ನನಗೆ ನನ್ನ ನಾನಿಯ ನೆನಪಾಯಿತು. ಮನೆಯವರಿಗೆಲ್ಲ ಬಡಿಸಿ, ಕೊನೆಗೆ ಉಳಿದ ಸಾರಿನಲ್ಲಿ ರೊಟ್ಟಿ ಅದ್ದಿ ತಿನ್ನುವವರು ಅವರು. ಅಮ್ಮಿಯೂ ಹಾಗೇ. ಗಾಡಿಯಲ್ಲಿ ಉಳಿದ ಹಣ್ಣು ಮನೆಗೆ, ಮನೆಯಲ್ಲಿ ಉಳಿದದ್ದು ಹೆಂಗಸರಿಗೆ. ನನ್ನ 9.6ರ ಕಾರಣದಲ್ಲಿ ಇದೂ ಒಂದು ಎಂದು ನನಗೆ ಅನಿಸುತ್ತದೆ.

ಗೊತ್ತಿದ್ದರೆ ಸಾಲದು

ಇಷ್ಟೆಲ್ಲ ತಿಳಿದ ಮೇಲೆ ನಾನು ಮನೆಯಲ್ಲಿ ಭಾಷಣ ಶುರುಮಾಡಿದೆ. "ಸೊಪ್ಪು ತಿನ್ನಿ, ಹಣ್ಣು ತಿನ್ನಿ" ಎಂದು ಒಂದು ವಾರ ಹೇಳಿದೆ. ತಮ್ಮ ಕಿವಿ ಮುಚ್ಚಿಕೊಂಡ. ಏನೂ ಬದಲಾಗಲಿಲ್ಲ. ನಿಜ ಹೇಳಬೇಕೆಂದರೆ ನಾನೂ ಬದಲಾಗಿರಲಿಲ್ಲ.

ಹೇಳುವುದಕ್ಕೂ ಆಗುವುದಕ್ಕೂ ಎಷ್ಟು ಅಂತರ ಎನ್ನುವುದಕ್ಕೆ ಹಳೆಯ ಒಂದು ಉದಾಹರಣೆ ಇದೆ. 1747ರಲ್ಲಿ ಸ್ಯಾಲಿಸ್‌ಬರಿ ಎಂಬ ಬ್ರಿಟಿಷ್ ಹಡಗಿನ ವೈದ್ಯ ಜೇಮ್ಸ್ ಲಿಂಡ್ ಸ್ಕರ್ವಿ ರೋಗ ಬಂದಿದ್ದ 12 ನಾವಿಕರನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿ, ಒಂದೊಂದು ಜೋಡಿಗೆ ಒಂದೊಂದು ಪದಾರ್ಥ ಕೊಟ್ಟು ನೋಡಿದ. ಕಿತ್ತಳೆ ಮತ್ತು ನಿಂಬೆ ತಿಂದ ಇಬ್ಬರು ಕೆಲವೇ ದಿನಗಳಲ್ಲಿ ಚೇತರಿಸಿಕೊಂಡರು. 1753ರಲ್ಲಿ ಲಿಂಡ್ ಇದನ್ನು ಪುಸ್ತಕದಲ್ಲಿ ಬರೆದ. ಆದರೆ ನೌಕಾಪಡೆ ನಾವಿಕರ ದಿನದ ಪಡಿತರದಲ್ಲಿ ನಿಂಬೆರಸ ಸೇರಿಸುವ ತೀರ್ಮಾನಕ್ಕೆ ಬಂದದ್ದು 1795ರಲ್ಲಿ. ಪ್ರಯೋಗ ಮಾಡಿ 48 ವರ್ಷ ಕಳೆದಿತ್ತು. ಅಷ್ಟು ವರ್ಷ ಪುಸ್ತಕದಲ್ಲಿ ಉತ್ತರವಿತ್ತು, ಹಡಗಿನಲ್ಲಿ ನಿಂಬೆ ಇರಲಿಲ್ಲ. ನಿಂಬೆರಸ ದಿನವೂ ನಾವಿಕನ ಕೈಗೆ ಬರತೊಡಗಿದ ಮೇಲೆಯೇ ನೌಕಾಪಡೆಯಲ್ಲಿ ಸ್ಕರ್ವಿ ಹಿಂದೆ ಸರಿದದ್ದು.

ನಮ್ಮಲ್ಲೂ ಹೀಗೇ. ನಾನು ಹತ್ತನೆಯ ತರಗತಿಯವರೆಗೆ ಸರಕಾರಿ ಶಾಲೆಯಲ್ಲಿ ಓದಿದವಳು. ಅಲ್ಲಿ ಮಧ್ಯಾಹ್ನದ ಬಿಸಿಯೂಟದ ಜೊತೆ ಮೊಟ್ಟೆ ಕೊಡುತ್ತಿದ್ದರು, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಸಾಂಬಾರಿನಲ್ಲಿ ತರಕಾರಿ ಇರುತ್ತಿತ್ತು. ಯಾರೂ ನಮಗೆ ಭಾಷಣ ಮಾಡಲಿಲ್ಲ, ತಟ್ಟೆಗೆ ಬಂತು, ತಿಂದೆವು. ಪಿಯುಸಿಗೆ ಬಂದ ಮೇಲೆ ಬಿಸಿಯೂಟ ಇಲ್ಲ. ಕೈಯಲ್ಲಿ ಹತ್ತು-ಇಪ್ಪತ್ತು ರೂಪಾಯಿ ಇರುತ್ತದೆ, ಕ್ಯಾಂಟೀನಿನಲ್ಲಿ ಸಮೋಸ ಮತ್ತು ಚಿಪ್ಸ್ ಇರುತ್ತದೆ.

ಇದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ಮನೆಯಲ್ಲೇ ಇತ್ತು. ರಮಝಾನ್ ತಿಂಗಳಲ್ಲಿ ನಾವೆಲ್ಲ ಹಣ್ಣು ತಿನ್ನುತ್ತೇವೆ, ನನ್ನ ತಮ್ಮನೂ ಸೇರಿ. ಇಫ್ತಾರಿಗೆ ಖರ್ಜೂರ, ಕಲ್ಲಂಗಡಿ, ಪಪ್ಪಾಯಿ, ಬಾಳೆಹಣ್ಣು ಎಲ್ಲವನ್ನೂ ಅಮ್ಮಿ ಹೆಚ್ಚಿ ದೊಡ್ಡ ತಟ್ಟೆಯಲ್ಲಿ ದಸ್ತರ್‌ಖಾನಿನ ಮಧ್ಯೆ ಇಡುತ್ತಾರೆ. ಎಲ್ಲರೂ ಹಸಿದಿರುತ್ತಾರೆ, ಎಲ್ಲರ ಕೈಗೂ ಎಟುಕುತ್ತದೆ, ಊಟಕ್ಕೆ ಮೊದಲೇ ತಟ್ಟೆ ಖಾಲಿಯಾಗುತ್ತದೆ. ಈದ್ ಮುಗಿದ ಮರುದಿನದಿಂದ ಆ ತಟ್ಟೆ ಕಪಾಟಿಗೆ ಹೋಗುತ್ತದೆ. ಹಣ್ಣೂ ಹೋಗುತ್ತದೆ. ನಮ್ಮ ನಾಲಿಗೆ ಬದಲಾಗಿರುವುದಿಲ್ಲ, ಬದಲಾಗಿರುವುದು ತಟ್ಟೆ ಇಡುವುದು ಮಾತ್ರ.

ನಾನು ಅಮ್ಮಿಗೆ ಹೇಳಿದೆ, "ಅಮ್ಮಿ, ಆ ತಟ್ಟೆ ಹೊರಗೆ ತೆಗೆಯೋಣ."

ಮನೆಯಲ್ಲಿ ಮಾಡಿದ್ದು

ಈಗ ಪ್ರತಿ ರಾತ್ರಿ ಊಟಕ್ಕೆ ಹತ್ತು ನಿಮಿಷ ಮೊದಲು ಆ ತಟ್ಟೆ ಮಧ್ಯೆ ಬರುತ್ತದೆ. ಅದರಲ್ಲಿ ದಿನಾ ಹಣ್ಣೇ ಇರಬೇಕೆಂದಿಲ್ಲ. ಸೌತೆಕಾಯಿ, ಗಜ್ಜರಿ, ಮೂಲಂಗಿ, ಟೊಮೆಟೊ ಹೋಳುಗಳು, ಮೇಲೆ ಸ್ವಲ್ಪ ಉಪ್ಪು, ನಿಂಬೆರಸ. ಜೋಳದ ರೊಟ್ಟಿಯ ಜೊತೆ ಹಸಿ ತರಕಾರಿ, ಹಕ್ಕರಕಿ, ಮೆಂತ್ಯೆ ಸೊಪ್ಪು, ಉಳ್ಳಾಗಡ್ಡಿ ತಪ್ಪಲು ತಿನ್ನುವುದು ನಮ್ಮ ಉತ್ತರ ಕರ್ನಾಟಕದ ಊಟದಲ್ಲಿ ಮೊದಲಿನಿಂದಲೂ ಇರುವುದೇ. ಪಕ್ಕದ ಮನೆಯ ಕಾಕು ದಿನಾ ಹಾಗೇ ಉಣ್ಣುತ್ತಾರೆ. ನಾವು ರೊಟ್ಟಿಯನ್ನು ಉಳಿಸಿಕೊಂಡು ಸೊಪ್ಪನ್ನು ಬಿಟ್ಟಿದ್ದೆವು.

ದಾದಿಗೆ ನನ್ನ ವಿಜ್ಞಾನ ಬೇಡ. ಆದರೆ ಪುಂಡಿಪಲ್ಯ ಹಾಕಿದ ಗೋಶ್ತ್ ಮಾಡಿ ಎಂದು ಕೇಳಿದಾಗ ಅವರ ಮುಖ ಅರಳಿತು. ನಾವು ಇದನ್ನು ಅಂಬಾಡೆ ಕಾ ಗೋಶ್ತ್ ಎನ್ನುತ್ತೇವೆ. ಅವರ ಕಾಲದಲ್ಲಿ ಮಾಂಸ ಕಡಿಮೆ, ಮನೆ ತುಂಬ ಜನ, ಆದ್ದರಿಂದ ಪಾಲಕ್, ಚುಕ್ಕಾ, ಪುಂಡಿ, ಸೋರೆಕಾಯಿ ಹಾಕಿ ಸಾರು ಹೆಚ್ಚಿಸುತ್ತಿದ್ದರಂತೆ. ಮಾಂಸದ ಜೊತೆ ತಿಂದಾಗ ಸೊಪ್ಪಿನ ಕಬ್ಬಿಣವೂ ದೇಹಕ್ಕೆ ಹೆಚ್ಚು ಸೇರುತ್ತದೆ ಎಂದು ವಿಜ್ಞಾನ ಹೇಳುತ್ತದೆ. ಬಡತನ ಕಲಿಸಿದ ಆ ಅಡುಗೆಯೇ ಸರಿಯಾದ ಅಡುಗೆಯಾಗಿತ್ತು. ಕೈಯಲ್ಲಿ ನಾಲ್ಕು ಕಾಸು ಬಂದ ಮೇಲೆ ನಾವು ಸೊಪ್ಪು ಬಿಟ್ಟು ಬರೀ ಮಾಂಸ ಮತ್ತು ಅನ್ನ ಇಟ್ಟುಕೊಂಡೆವು.

ಅಬ್ಬಾ ಮಾಡಿದ ಬದಲಾವಣೆ ಎಲ್ಲಕ್ಕಿಂತ ದೊಡ್ಡದು. ಬೆಳಿಗ್ಗೆ ಗಾಡಿ ಹೊರಡುವ ಮೊದಲೇ ಒಂದು ಕಿಲೋ ಒಳ್ಳೆಯ ಹಣ್ಣು ತೂಗಿ ಮನೆಯೊಳಗೆ ಇಡುತ್ತಾರೆ. ಮೊದಲ ದಿನ ಅಮ್ಮಿ "ಇದು ಮಾರುವ ಹಣ್ಣಲ್ಲವೇ?" ಎಂದಾಗ ಅಬ್ಬಾ, "ಇದೂ ಗಿರಾಕಿಯದೇ. ಮನೆಯಲ್ಲೂ ನಾಲ್ಕು ಗಿರಾಕಿಗಳಿದ್ದಾರೆ" ಎಂದರು. ದಾದಿ, "ನಾನು ಐದನೆಯವಳು" ಎಂದರು.

ತರಗತಿಯಲ್ಲಿ ಮಾಡಿದ್ದು

ಆಗಸ್ಟ್ 15ರ ನಂತರ ನಾವು 12 ಮಂದಿ ಗೆಳತಿಯರು ವಾರಕ್ಕೆ ತಲಾ 20 ರೂಪಾಯಿ ಹಾಕಲು ಶುರುಮಾಡಿದೆವು. 240 ರೂಪಾಯಿಗೆ ಅಬ್ಬಾ ತಮ್ಮ ಖರೀದಿ ಬೆಲೆಯಲ್ಲೇ ಹಣ್ಣು, ಸೌತೆಕಾಯಿ ಕೊಡುತ್ತಾರೆ. ವಾರದಲ್ಲಿ ಮೂರು ದಿನ ದೊಡ್ಡ ಬಿಡುವಿನಲ್ಲಿ ತಿನ್ನುವುದು.

ಮೊದಲ ವಾರ ಇಡೀ ಪೇರಲ ಹಣ್ಣುಗಳನ್ನೇ ಹಂಚಿದೆ. ಹೆಚ್ಚಿನವರು "ಆಮೇಲೆ ತಿಂತೀನಿ" ಎಂದು ಬ್ಯಾಗಿಗೆ ಹಾಕಿಕೊಂಡರು. ಅರ್ಧಕ್ಕರ್ಧ ಹಣ್ಣು ಮರುದಿನವೂ ಬ್ಯಾಗಿನಲ್ಲೇ ಇತ್ತು. ಎರಡನೆಯ ವಾರ ಅವೇ ಹಣ್ಣುಗಳನ್ನು ತೊಳೆದು, ಹೆಚ್ಚಿ, ಉಪ್ಪು-ಖಾರ ಹಾಕಿ ತಟ್ಟೆಯಲ್ಲಿಟ್ಟೆ. ಹತ್ತು ನಿಮಿಷದಲ್ಲಿ ಖಾಲಿ! ಕೇಳದೇ ಬಂದು ತಿಂದವರೂ ಇದ್ದರು. ಸೆಪ್ಟೆಂಬರಿನಲ್ಲಿ ಕಿರುಪರೀಕ್ಷೆಯ ವಾರ ಯಾರೂ ಹಣ ಹಾಕಲಿಲ್ಲ, ತಟ್ಟೆ ಬರಲಿಲ್ಲ. ಆ ವಾರ ಎಲ್ಲರೂ ಮತ್ತೆ ಚಿಪ್ಸ್ ಪೊಟ್ಟಣಕ್ಕೆ ಹೋದೆವು, ನಾನೂ ಕೂಡ. ಆದ್ದರಿಂದ ಈಗ ತಿಂಗಳ ಹಣವನ್ನು ಮೊದಲೇ ಕೂಡಿಸುತ್ತೇವೆ.

ಕೆಲವು ಗೆಳತಿಯರಿಗೆ ಮನೆಯಲ್ಲಿ ಬೇರೆ ಬೇರೆ ಅಂಜಿಕೆ ಹಾಕಿದ್ದರು. ಬಾಳೆಹಣ್ಣು ತಿಂದರೆ ನೆಗಡಿ, ಪಪ್ಪಾಯಿ ಉಷ್ಣ ಎಂದು. ನೆಗಡಿ ಬರುವುದು ವೈರಾಣುವಿನಿಂದ, ಬಾಳೆಹಣ್ಣಿನಿಂದಲ್ಲ. ಇನ್ನು ಹೆಚ್ಚಿದ ಹಣ್ಣಿನ ವಿಷಯದಲ್ಲಿ ನಿಜವಾಗಿ ಅಂಜಬೇಕಾದದ್ದು ನೊಣಕ್ಕೆ ಮತ್ತು ಕೊಳಕು ನೀರಿಗೆ. ಹಣ್ಣು, ತರಕಾರಿಯನ್ನು ಹೆಚ್ಚುವ ಮೊದಲೇ ಹರಿಯುವ ಶುದ್ಧ ನೀರಿನಲ್ಲಿ ಚೆನ್ನಾಗಿ ತೊಳೆಯಬೇಕು. ಹೆಚ್ಚಿದ ಮೇಲೆ ತೊಳೆದರೆ ಸಿ ಜೀವಸತ್ವ ನೀರಿನಲ್ಲಿ ಹೋಗುತ್ತದೆ. ಹೆಚ್ಚಿ ಬಹಳ ಹೊತ್ತು ಇಟ್ಟರೂ ಅದು ಕಡಿಮೆಯಾಗುತ್ತದೆ. ಬೀದಿಯಲ್ಲಿ ತೆರೆದಿಟ್ಟ ಹೋಳುಗಳನ್ನು ತಿನ್ನಬೇಡಿ, ನಿಮ್ಮ ಕಣ್ಣ ಮುಂದೆ ಹೆಚ್ಚಿಸಿಕೊಳ್ಳಿ. ಗಾಡಿಯವರ ಮಗಳಾಗಿ ಈ ಮಾತು ಹೇಳುತ್ತಿದ್ದೇನೆ. ಜ್ಯೂಸಿಗಿಂತ ಹಣ್ಣೇ ಮೇಲು. ಸೋಸಿದಾಗ ನಾರು ಹೋಗುತ್ತದೆ, ಮೇಲೆ ಸಕ್ಕರೆ ಬೀಳುತ್ತದೆ.

ಅಗ್ಗವಾಗಿ ತಿನ್ನುವ ಗುಟ್ಟು ಒಂದೇ, ಆಯಾ ಕಾಲದ್ದನ್ನು ತಿನ್ನುವುದು. ಬೇಸಿಗೆಯಲ್ಲಿ ಕಲ್ಲಂಗಡಿ, ಮಾವು. ಮಳೆಗಾಲದಲ್ಲಿ ನೇರಳೆ, ಆಮೇಲೆ ಸೀತಾಫಲ. ಚಳಿಗಾಲದಲ್ಲಿ ಪೇರಲ, ಬಾರೆ, ಗಜ್ಜರಿ, ಮೆಂತ್ಯೆ, ಕಡಲೆ ಸೊಪ್ಪು. ವರ್ಷವಿಡೀ ಬಾಳೆ, ಪಪ್ಪಾಯಿ. ಸಂಜೆ ಸಂತೆ ಮುಗಿಯುವ ಹೊತ್ತಿಗೆ ಸೊಪ್ಪಿನ ಕಟ್ಟು ಇನ್ನೂ ಅಗ್ಗವಾಗುತ್ತದೆ.

ನನ್ನ ಕೋರಿಕೆ

ಅಕ್ಟೋಬರ್ ಕೊನೆಯಲ್ಲಿ ಮತ್ತೆ ಪರೀಕ್ಷೆ ಮಾಡಿಸಿದೆ. 11.7 ಬಂತು. ಇನ್ನೂ 12 ಮುಟ್ಟಿಲ್ಲ. ಮಾತ್ರೆಯನ್ನು ಇನ್ನೂ ಕೆಲವು ವಾರ ಮುಂದುವರಿಸಲು ವೈದ್ಯರು ಹೇಳಿದ್ದಾರೆ. ಮೂರನೇ ಮಹಡಿಗೆ ಈಗ ನಿಲ್ಲದೆ ಹತ್ತುತ್ತೇನೆ. ಅಮ್ಮಿಯನ್ನೂ ಒತ್ತಾಯ ಮಾಡಿ ಪರೀಕ್ಷೆಗೆ ಕರೆದುಕೊಂಡು ಹೋದೆ. ಅವರದು 9.1 ಇತ್ತು. ಇಷ್ಟು ವರ್ಷ ಅವರು ಅದೇ ರಕ್ತದಲ್ಲಿ ಮನೆ ನಡೆಸಿದ್ದರು. ಈಗ ಅವರೂ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ, ಮತ್ತು ನಮ್ಮ ಜೊತೆಗೇ ಕುಳಿತು ಉಣ್ಣುತ್ತಾರೆ.

ಆಡಳಿತ ಮಂಡಳಿಯವರಲ್ಲಿ ಮತ್ತು ಪ್ರಾಚಾರ್ಯರಲ್ಲಿ ನನ್ನದೊಂದು ವಿನಂತಿ. ನಮ್ಮ ಕ್ಯಾಂಟೀನಿನ ಗಲ್ಲೆಯ ಪಕ್ಕ, ಚಿಪ್ಸ್ ಪೊಟ್ಟಣ ತೂಗುಹಾಕಿರುವ ಜಾಗದಲ್ಲಿ ಒಂದು ಬಾಳೆಗೊನೆ ತೂಗುಹಾಕಲು ಹೇಳಿ. ಹತ್ತು ರೂಪಾಯಿಗೆ ಒಂದು ಬಟ್ಟಲು ಹೆಚ್ಚಿದ ಸೌತೆಕಾಯಿ ಅಥವಾ ಪೇರಲ ಸಿಗುವಂತೆ ಮಾಡಿ. ಉಪನ್ಯಾಸಕರೇ, ನಿಮ್ಮ ಸಿಬ್ಬಂದಿ ಕೊಠಡಿಯಲ್ಲಿ ಮಧ್ಯಾಹ್ನದ ಊಟ ಮುಗಿದ ಕೂಡಲೇ ಬರುವ ಚಹಾವನ್ನು ಒಂದು ಗಂಟೆ ಮುಂದೂಡಿ. ನಾವು ನಿಮ್ಮನ್ನು ನೋಡಿ ಕಲಿಯುವವರು.

ಗೆಳೆಯರೇ, ಗೆಳತಿಯರೇ, ನಿಮ್ಮಲ್ಲಿ ನನ್ನ ಕೋರಿಕೆ ಸಣ್ಣದು. ನಾಳೆ ಮನೆಯಲ್ಲಿ ಯಾರಿಗೂ "ಹಣ್ಣು ತಿನ್ನಿ" ಎಂದು ಹೇಳಬೇಡಿ. ಇರುವ ಯಾವುದಾದರೂ ಒಂದು ಹಣ್ಣನ್ನೋ ಸೌತೆಕಾಯಿಯನ್ನೋ ತೊಳೆದು, ಹೆಚ್ಚಿ, ಎಲ್ಲರ ಕೈಗೆ ಎಟುಕುವಂತೆ ಮಧ್ಯೆ ಇಡಿ. ನಿಮ್ಮ ತಾಯಿಯ ಪಾಲನ್ನು ಮೊದಲು ತೆಗೆದಿಡಿ. ಮುಂದಿನ ಶಿಬಿರದಲ್ಲಿ ನಮ್ಮೆಲ್ಲರ ಚೀಟಿಗಳ ಮೇಲೆ 12ಕ್ಕಿಂತ ದೊಡ್ಡ ಅಂಕಿ ಬರಲಿ.

ನಮ್ಮ ಅಬ್ಬಾ ಈಗಲೂ ಆಸ್ಪತ್ರೆಯ ಎದುರೇ ಗಾಡಿ ಹಚ್ಚುತ್ತಾರೆ. ರೋಗಿಗೆ ಹಣ್ಣು ಕೊಂಡವರಿಗೆ ಒಂದು ಪೇರಲ ಹೆಚ್ಚಿ ಕೈಗೆ ಕೊಟ್ಟು, "ಇದು ನಿಮಗೆ" ಎನ್ನುತ್ತಾರೆ. ಹೆಚ್ಚಿನವರು ಅಲ್ಲೇ ನಿಂತು ತಿಂದು ಹೋಗುತ್ತಾರಂತೆ.

— ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದ ವಿದ್ಯಾರ್ಥಿನಿ